ನರೇಗಲ್ಲಿನ ವೀರಭದ್ರನನ್ನು ತರಲು ಹೋದದ್ದು

ನರೇಗಲ್

ನಾನು ರೋಣದ ಕೋರ್ಟಿನಲ್ಲಿ ವಕೀಲ. ನನ್ನ ಬಳಿಗೆ ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ವಾಟ್ನಿಯವು, ಅಂದರೆ ಅಣ್ಣತಮ್ಮಂದಿರು ಪಾಲು ಹಂಚಿಕೊಳ್ಳುವ ಖಟ್ಲೆಗಳು. ಎರೆಹೊಲಕ್ಕೆ, ಬಾವಿಗೆ, ಹಿತ್ತಲಿನ ಬೇವಿನ ಮರಕ್ಕೆ ಜಗಳಾಡುವವರನ್ನು ದಿನಾ ನೋಡುತ್ತೇನೆ. ನನ್ನದೇ ಮನೆಯ ಒಂದು ಪಾಲಿನ ಸಲುವಾಗಿ ಜರ್ಮನಿಯವರೆಗೆ ಹೋಗಬೇಕಾದೀತೆಂದು ಎಣಿಸಿರಲಿಲ್ಲ.

ನಮ್ಮ ಮನೆ ನರೇಗಲ್ಲಿನಲ್ಲಿದೆ. ದೇವರ ಕೋಣೆಯ ಕಟ್ಟೆಗೆ ನಮ್ಮ ಕಡೆ ಜಗಲಿ ಎನ್ನುತ್ತಾರೆ. ನಮ್ಮ ಜಗಲಿಯ ಮೇಲೆ ಹಿತ್ತಾಳೆಯ ಬಸವಣ್ಣ ಇದ್ದಾನೆ, ಎಲ್ಲಮ್ಮನ ಮುಖ ಇದೆ. ಮನೆದೇವರಾದ ವೀರಭದ್ರನ ಮುಖ ಮಾತ್ರ ಇಲ್ಲ. ಅದನ್ನು ಒಯ್ದವನು ನನ್ನ ಮುತ್ತಜ್ಜನ ತಮ್ಮ ಮಲ್ಲಪ್ಪ. ಆತ ಬೆಟಗೇರಿಗೆ ಹೋಗಿ ಪಾದ್ರಿಗಳ ಕೈಯಿಂದ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದ. ಆಮೇಲೆ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಬಂದು ವೀರಭದ್ರನನ್ನು ಎತ್ತಿಕೊಂಡು ಹೋಗಿ, ಪಾದ್ರಿಯ ಎದುರಿಗೆ ದೇವರ ಹಣೆಗೆ ಕೊಡಲಿಯಿಂದ ಹೊಡೆದ. ನಮ್ಮ ಮನೆಯಲ್ಲಿ ನಡೆದುಬಂದ ಕಥೆ ಇಷ್ಟು. ನನ್ನ ಅವ್ವ ಸೊಸೆಯಾಗಿ ಬಂದ ವರ್ಷವೇ ಅತ್ತೆ ಅವಳಿಗೆ ಕೀಲಿಕೈ ಗೊಂಚಲಿನ ಜೊತೆ ಈ ಕಥೆಯನ್ನೂ ಒಪ್ಪಿಸಿದ್ದಳಂತೆ.

ಹೋದ ವರ್ಷ ಗಜೇಂದ್ರಗಡದಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. ಹೆಸರು ಎಸ್ತರ್, ನಿವೃತ್ತ ಹೆಡ್‌ಮಾಸ್ತರು. ತಾನು ಮಲ್ಲಪ್ಪನ ಮರಿಮಗಳು ಎಂದರು. ದಕ್ಷಿಣ ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಹಳೆಯ ಮಿಶನ್ನಿನ ವಸ್ತುಗಳನ್ನಿಟ್ಟ ಮನೆಯೊಂದಿದೆ, ಅದನ್ನು ಈಗ ಮುಚ್ಚುತ್ತಿದ್ದಾರೆ, ಅಲ್ಲಿಂದ ಒಂದು ದೇವರ ಮುಖದ ಫೋಟೋ ಬಂದಿದೆ, ಅದರ ಕೆಳಗೆ ನರೇಗಲ್ ಎಂದು ಬರೆದಿದೆ ಎಂದು ಹೇಳಿದರು. ವಸ್ತುವನ್ನು ವಾಪಸು ಕೊಡಲು ಎರಡೂ ಮನೆಯವರು ಬರಲಿ ಎಂದು ಅಲ್ಲಿಯವರು ಕರೆದಿದ್ದರು.

ನಾನು ಗಜೇಂದ್ರಗಡಕ್ಕೆ ಹೋಗಿ ಅವರನ್ನು ಕಂಡೆ. ಅವರ ಮನೆಯಲ್ಲಿಯೂ ಅದೇ ಕಥೆ ಇತ್ತು, ಕೊಡಲಿ ಸಮೇತ. ಆದರೆ ನಮ್ಮಲ್ಲಿ ತಲೆ ತಗ್ಗಿಸಿ ಹೇಳುತ್ತಿದ್ದುದನ್ನು ಅಲ್ಲಿ ತಲೆ ಎತ್ತಿ ಹೇಳುತ್ತಿದ್ದರು. ಎಸ್ತರ್ ಅವರ ತಂದೆ ಹಳ್ಳಿಹಳ್ಳಿ ತಿರುಗುತ್ತಿದ್ದ ಬೋಧಕರು. ಪ್ರತಿ ಈಸ್ಟರ್ ಹಬ್ಬಕ್ಕೆ ಮಲ್ಲಪ್ಪನ ಕೊಡಲಿಯ ಪ್ರಸಂಗ ಹೇಳದೆ ಅವರ ಉಪದೇಶ ಮುಗಿಯುತ್ತಿರಲಿಲ್ಲ.

ಅವ್ವನಿಗೆ ಫೋಟೋ ತೋರಿಸಿದೆ. ಕಪ್ಪಗಿದ್ದ ಮುಖ, ದೊಡ್ಡ ಮೀಸೆ, ಹಣೆಯ ನಡುವೆ ಒಂದು ತಗ್ಗು. ಅವ್ವ ಫೋನನ್ನು ದೂರ ಹಿಡಿದು ಬಹಳ ಹೊತ್ತು ನೋಡಿದಳು.

"ಹೋಗಿ ಕರ್ಕೊಂಡ ಬಾ," ಅಂದಳು. "ಭಿನ್ನ ಆದ ದೇವರ ಪೂಜಾಕ್ಕ ಬರೂದಿಲ್ಲ, ಖರೇ. ಹೊಳಿಆಲೂರಿಗೆ ಒಯ್ದು ಮಲಪ್ರಭಾಕ್ಕರ ಬಿಡೂಣು. ಪರದೇಶದಾಗ ಬ್ಯಾಡ."

ಫ್ರಾಂಕ್‌ಫರ್ಟ್

ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ತೆಗೆಸಿದರು. ಕಡಕ್ ರೊಟ್ಟಿಗಳನ್ನು ಕಂಡು ಅಧಿಕಾರಿ ಒಂದನ್ನು ಬೆರಳಿನಿಂದ ಬಡಿದು ನೋಡಿದ. ಇದನ್ನು ಗೋಡೆಗೆ ತೂಗುಹಾಕುತ್ತೀರಾ ಎಂದು ಕೇಳಿದ. ತಿನ್ನುತ್ತೇವೆ ಎಂದಾಗ ಅವನಿಗೆ ನಂಬಿಕೆ ಬರಲಿಲ್ಲ. ಎಸ್ತರ್ ಅಕ್ಕ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ ಮೇಲೆ ಬಿಟ್ಟ. ಅಷ್ಟು ಹೊತ್ತಿಗೆ ನಾನು ಅವರನ್ನು ಅಕ್ಕ ಎನ್ನತೊಡಗಿದ್ದೆ. ವಯಸ್ಸಿನಲ್ಲಿ ನನಗಿಂತ ಹಿರಿಯರು, ಲೆಕ್ಕ ಹಿಡಿದರೆ ನಂಟಿನಲ್ಲಿಯೂ ಅಕ್ಕನೇ.

ಅಲ್ಲಿಂದ ರೈಲು. ಕಿಟಕಿಯ ಹೊರಗೆ ಎಲ್ಲಿ ನೋಡಿದರೂ ಹಸಿರು, ಒಂದು ಅಂಗೈಯಗಲದ ಜಾಗವೂ ಬರಿದಾಗಿಲ್ಲ. ನಮ್ಮ ಕರಿನೆಲದ ಬಯಲು ನೋಡಿ ಬೆಳೆದ ಕಣ್ಣಿಗೆ ಅದು ಸ್ವಲ್ಪ ಉಸಿರುಗಟ್ಟಿಸುವಂತಿತ್ತು. ಹಳ್ಳಿಗಳು ಕಂಡವು, ಬೀದಿಗಳೂ ಕಂಡವು. ಬೀದಿಯಲ್ಲಿ ಮನುಷ್ಯರು ಕಾಣಲಿಲ್ಲ.

"ಮಂದಿ ಎಲ್ಲಿ ಹೋಗ್ಯಾರ್ರಿ ವಕೀಲರ?" ಎಂದು ಅಕ್ಕ ಕೇಳಿದರು. ನನಗೂ ಗೊತ್ತಿರಲಿಲ್ಲ.

ನಡುವೆ ಒಂದು ನಿಲ್ದಾಣದಲ್ಲಿ ರೈಲು ಸ್ವಲ್ಪ ಹೆಚ್ಚೇ ನಿಂತಿತು. ಧ್ವನಿವರ್ಧಕದಲ್ಲಿ ಏನೋ ಹೇಳಿದರು. ಕೆಲವರು ಗಡಿಬಿಡಿಯಿಂದ ಇಳಿದು ಮುಂದಿನ ಡಬ್ಬಿಗಳ ಕಡೆ ಓಡಿದರು. ನಾವು ಶೇಂಗಾ ಚಟ್ನಿ ಹಚ್ಚಿಕೊಂಡು ಆರಾಮಾಗಿ ರೊಟ್ಟಿ ತಿನ್ನುತ್ತ ಕುಳಿತಿದ್ದೆವು. ಆ ದೇಶದಲ್ಲಿ ರೈಲು ಅರ್ಧ ದಾರಿಯಲ್ಲಿ ಎರಡು ತುಂಡಾಗಿ, ಒಂದು ಒಂದೂರಿಗೆ, ಇನ್ನೊಂದು ಇನ್ನೊಂದೂರಿಗೆ ಹೋಗುತ್ತದೆಂದು ಟಿಕೆಟ್ ನೋಡುವ ಹೆಣ್ಣುಮಗಳು ಬಂದ ಮೇಲೆ ತಿಳಿಯಿತು. ನಾವು ಬೇರೆ ತುಂಡಿನಲ್ಲಿದ್ದೆವು. ರೈಲಿಗೂ ವಾಟ್ನಿ ಆಗುತ್ತದೆಂದು ನಾನು ಅಂದಾಗ ಅಕ್ಕ ಮೊದಲ ಸಲ ನಕ್ಕರು. ಮುಂದಿನ ನಿಲ್ದಾಣದಲ್ಲಿ ಇಳಿದು, ಹಿಂದಕ್ಕೆ ಹೋಗಿ, ಸರಿಯಾದ ಗಾಡಿ ಹಿಡಿದು ನಾವು ಹೋಗಬೇಕಾದ ಊರು ಮುಟ್ಟಿದಾಗ ಸಂಜೆಯಾಗಿತ್ತು.

ಬೆಟ್ಟದ ಕೆಳಗಿನ ಊರು

ಆ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರ ಮನೆಯ ವಿಷಯ ಹೇಳುತ್ತಿರುವುದರಿಂದ ಅದೇ ಸರಿ.

ನಿಲ್ದಾಣಕ್ಕೆ ಬಂದು ಕಾದಿದ್ದವರು ಗುಡ್ರುನ್. ಅರವತ್ತು ದಾಟಿದ ಹೆಂಗಸು, ಚರ್ಚಿನಲ್ಲಿ ಪಾದ್ರಿಯಾಗಿದ್ದು ನಿವೃತ್ತರಾದವರು. ಮಿಶನ್ ಮನೆಯ ವಸ್ತುಗಳನ್ನು ಅವರೇ ನೋಡಿಕೊಳ್ಳುತ್ತಿದ್ದರು. ಮಲ್ಲಪ್ಪನಿಗೆ ದೀಕ್ಷೆ ಕೊಟ್ಟ ಪಾದ್ರಿ ಅವರ ಮುತ್ತಜ್ಜ. ನಮ್ಮೊಂದಿಗೆ ಇಂಗ್ಲಿಷಿನಲ್ಲಿ ಮಾತನಾಡಿದರು. ಮಾತಿಗೊಮ್ಮೆ ಕ್ಷಮಿಸಿ ಎನ್ನುತ್ತಿದ್ದರು. ಮಳೆ ಬಂದರೆ ಮಳೆಗೆ, ಚಹಾ ತೆಳ್ಳಗಾದರೆ ಚಹಾಕ್ಕೆ. ಮೊದಲು ಅದು ಸಭ್ಯತೆ ಎಂದುಕೊಂಡೆ.

ಅವರ ಮನೆಯಲ್ಲೇ ಇಳಿದುಕೊಂಡೆವು. ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಹಲ್ಲುಜ್ಜಿ, ನಾಲಿಗೆ ಕೆರೆದು, ಗಂಟಲು ಸ್ವಚ್ಛ ಮಾಡಿಕೊಂಡೆ. ತಿಂಡಿಗೆ ಕುಳಿತಾಗ ಗುಡ್ರುನ್ ಬಹಳ ಸಂಕೋಚದಿಂದ, ಮೇಲಿನ ಮನೆಯವರು ವೈದ್ಯರನ್ನು ಕರೆಸಬೇಕೇ ಎಂದು ಕೇಳುತ್ತಿದ್ದಾರೆ ಎಂದರು. ನರೇಗಲ್ಲಿನಲ್ಲಿ ಅಷ್ಟು ಸದ್ದು ಕೇಳದಿದ್ದರೆ ವೈದ್ಯರನ್ನು ಕರೆಸುತ್ತಾರೆ. ಅಲ್ಲಿ ಉಳಿದಷ್ಟು ದಿನ ನಾನು ಗಂಟಲನ್ನು ಹಾಗೇ ಇಟ್ಟುಕೊಂಡೆ.

ಅಕ್ಕ ಊರಿನಿಂದ ಬರುವಾಗಲೇ ಒಂದು ಆಸೆ ಇಟ್ಟುಕೊಂಡಿದ್ದರು. ಆ ಪಾದ್ರಿಯ ಸಮಾಧಿಗೆ ಹೂ ಇಡಬೇಕು. ತಮ್ಮ ಮನೆತನಕ್ಕೆ ಅಕ್ಷರ ಕೊಟ್ಟವರು, ಯೇಸುವಿನ ಹೆಸರು ಹೇಳಿಕೊಟ್ಟವರು ಅವರು. ಪೇಟೆಯಲ್ಲಿ ಬಿಳಿ ಸೇವಂತಿಗೆ ಕೊಂಡು ಮೂವರೂ ಸ್ಮಶಾನಕ್ಕೆ ಹೋದೆವು. ಅದು ಸ್ಮಶಾನದಂತಿರಲಿಲ್ಲ, ನೀರುಣಿಸಿ ಬೆಳೆಸಿದ ತೋಟದಂತಿತ್ತು. ಜನ ನೀರಿನ ಝಾರಿ ಹಿಡಿದುಕೊಂಡು ತಮ್ಮ ತಮ್ಮ ಸಮಾಧಿಯ ಗಿಡಗಳಿಗೆ ನೀರು ಹಾಕುತ್ತಿದ್ದರು. ಗುಡ್ರುನ್ ಒಂದು ಸಾಲಿನ ಎದುರು ನಿಂತು, ಇಲ್ಲಿ ಇತ್ತು ಎಂದರು. ಅಲ್ಲಿ ಬೇರೆ ಯಾರದೋ ಹೆಸರಿನ ಹೊಸ ಕಲ್ಲಿತ್ತು. ಆ ದೇಶದಲ್ಲಿ ಸಮಾಧಿಯ ಜಾಗ ಇಂತಿಷ್ಟು ವರ್ಷಕ್ಕೆ ಎಂದು ಸಿಗುತ್ತದೆ. ಅವಧಿ ಮುಗಿದು ಮನೆಯವರು ಮುಂದುವರಿಸದಿದ್ದರೆ ಕಲ್ಲು ತೆಗೆದು ಇನ್ನೊಬ್ಬರಿಗೆ ಕೊಡುತ್ತಾರೆ. ಗುಡ್ರುನ್ ಅವರ ತಾಯಿ ಮುಂದುವರಿಸಿರಲಿಲ್ಲ.

ಅಕ್ಕ ಹೂ ಹಿಡಿದು ನಿಂತೇ ಇದ್ದರು. ಬೆಟಗೇರಿಯಲ್ಲಿ ಆ ಕಾಲದ ಪಾದ್ರಿಗಳ ಹೆಂಡಿರು, ಮಕ್ಕಳು ಮಲಗಿರುವ ಜಾಗಕ್ಕೆ ಇವತ್ತಿಗೂ ಪ್ರತಿ ವರ್ಷ ಸುಣ್ಣ ಬಳಿಯುತ್ತೇವೆ ಎಂದು ನನಗೆ ಕನ್ನಡದಲ್ಲಿ ಹೇಳಿದರು. ಅದನ್ನು ಇಂಗ್ಲಿಷಿಗೆ ತಿರುಗಿಸುವುದು ಬೇಡವೆಂದರು. ಆಮೇಲೆ ಆ ಹೊಸ ಕಲ್ಲಿನ ಮುಂದೆಯೇ ಹೂ ಇಟ್ಟು, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಬಂದರು.

ಶನಿವಾರ, ಮಿಶನ್ ಮನೆ

ಮಿಶನ್ ಮನೆಯ ಅಟ್ಟದ ಮೇಲೆ ಉದ್ದನೆಯ ಕೋಣೆ. ಅರ್ಧಕ್ಕರ್ಧ ವಸ್ತುಗಳನ್ನು ಆಗಲೇ ಪೆಟ್ಟಿಗೆಗೆ ತುಂಬಿದ್ದರು. ಆಫ್ರಿಕೆಯ ಡೋಲು, ಮಲೆಯಾಳದ ಓಲೆಗೊಡೆ, ಯಾವುದೋ ಊರಿನ ಜೋಗತಿಯ ಕೊಡ. ಗುಡ್ರುನ್ ಕೈಗೆ ಬಿಳಿ ಕೈಗವಸು ಹಾಕಿಕೊಂಡು ಒಂದು ಪೆಟ್ಟಿಗೆಯಿಂದ ವೀರಭದ್ರನನ್ನು ತೆಗೆದು ಮೇಜಿನ ಮೇಲಿಟ್ಟರು. ನಮಗೂ ಕೈಗವಸು ಕೊಟ್ಟರು. ನಾನು ಹಾಕಿಕೊಳ್ಳಲಿಲ್ಲ.

ಫೋಟೋದಲ್ಲಿ ಕಂಡದ್ದಕ್ಕಿಂತ ಸಣ್ಣದು, ಎರಡು ಅಂಗೈ ಕೂಡಿಸಿದಷ್ಟು. ಆದರೆ ಎತ್ತಿದರೆ ಭಾರವಿತ್ತು. ಹಿತ್ತಾಳೆ ಕಪ್ಪಾಗಿತ್ತು. ಕಣ್ಣಿನ ಗುಡ್ಡೆ, ಮೀಸೆಯ ಗೆರೆ ಎಲ್ಲ ಸವೆದು ನುಣ್ಣಗಾಗಿದ್ದವು.

ಅಕ್ಕ ಒಂದು ಬೆರಳನ್ನು ಹಣೆಯ ತಗ್ಗಿನಲ್ಲಿಟ್ಟರು. ಅವರ ಕಣ್ಣು ತುಂಬಿತು.

"ಇಲ್ಲೇ ನೋಡ್ರಿ," ಅಂದರು. "ನಮ್ಮಪ್ಪ ಹೇಳತಿದ್ದದ್ದು ಇದ."

ಆಗ ಗುಡ್ರುನ್ ಮಾತು ಶುರು ಮಾಡಿದರು. ತನ್ನ ಮುತ್ತಜ್ಜ ರಜೆಯ ಮೇಲೆ ಬಂದಾಗಲೆಲ್ಲ ಈ ಮುಖವನ್ನು ಹಿಡಿದುಕೊಂಡು ಇಲ್ಲಿಯ ಹಳ್ಳಿಗಳನ್ನು ತಿರುಗುತ್ತಿದ್ದರು, ಕೊಡಲಿಯ ಗುರುತು ತೋರಿಸಿ ಕಥೆ ಹೇಳುತ್ತಿದ್ದರು, ಜನ ಅತ್ತು ಮಿಶನ್ನಿಗೆ ಕಾಣಿಕೆ ಕೊಡುತ್ತಿದ್ದರು ಎಂದರು. ಹುಡುಗಿಯಾಗಿದ್ದಾಗಿನಿಂದ ಈ ತಗ್ಗು ನೋಡಿ ತನಗೆ ನಾಚಿಕೆಯಾಗುತ್ತಿತ್ತಂತೆ. ಒಬ್ಬ ಬಡವನನ್ನು ಹೆದರಿಸಿ, ಆಸೆ ತೋರಿಸಿ, ಅವನ ದೇವರಿಗೆ ಅವನ ಕೈಯಿಂದಲೇ ಹೊಡೆಸಿದೆವು. ನಾಳೆ ರವಿವಾರದ ಆರಾಧನೆಯಲ್ಲಿ ಎಲ್ಲರ ಎದುರು ಎರಡೂ ಮನೆಯವರ ಕ್ಷಮೆ ಕೇಳಿ ಇದನ್ನು ಒಪ್ಪಿಸುತ್ತೇನೆ ಎಂದರು.

ಅಕ್ಕನ ಮುಖ ಬಿಗಿಯಾಯಿತು. ಅವರ ಇಂಗ್ಲಿಷ್ ಚೆನ್ನಾಗಿದ್ದರೂ ಸಿಟ್ಟು ಬಂದಾಗ ಕನ್ನಡ ಬಂತು. ನನ್ನ ಕಡೆ ತಿರುಗಿ, ಇದನ್ನು ಈಕೆಗೆ ಸರಿಯಾಗಿ ಹೇಳಿ ಎಂದರು.

"ನಮ್ಮ ಮುತ್ಯಾ ಸಣ್ಣ ಹುಡುಗ ಆಗಿದ್ದಿಲ್ಲ. ಆತನ್ನ ಯಾರೂ ಅಂಜಿಸಿಲ್ಲ. ಹೊಲಾ ಬಿಟ್ಟ, ಮನಿ ಬಿಟ್ಟ, ಹೆಂಡ್ತಿ ತವರಿಗೆ ಹೋದ್ರೂ ತಿರುಗಿ ನೋಡಲಿಲ್ಲ. ತಾನ ಎತ್ತಿದ, ತಾನ ಹೊಡದ. ಆ ಒಂದ ಏಟಿನಿಂದ ನಾವು ಇದ್ದೀವಿ. ಈಗ ಇವರು ತಪ್ಪಾತು ಅಂತ ಕ್ಷಮಾ ಕೇಳಿದ್ರ, ನಾವೆಲ್ಲಾ ತಪ್ಪಾಗಿ ಹುಟ್ಟಿದಾಂಗ ಆತು."

ನಾನು ಹೇಳಿದೆ. ಗುಡ್ರುನ್ ಅವರ ಮುಖ ಬಿಳಿಚಿತು. ನಾಳೆ ತಾನೂ ಎದ್ದು ಮಾತನಾಡುತ್ತೇನೆ, ಕೊಡಲಿಯ ಕಥೆಯನ್ನು ತನ್ನ ತಂದೆ ಹೇಳುತ್ತಿದ್ದ ಹಾಗೆಯೇ ಹೇಳುತ್ತೇನೆ ಎಂದು ಅಕ್ಕ ಹೇಳಿದರು. ಗುಡ್ರುನ್ ಒಪ್ಪಿದರು.

ಇಷ್ಟೆಲ್ಲ ನಡೆಯುವಾಗ ಮುಖ ನನ್ನ ಕೈಯಲ್ಲೇ ಇತ್ತು. ಹೆಬ್ಬೆರಳು ಆ ತಗ್ಗಿನಲ್ಲಿತ್ತು. ಅದು ಕೊಡಲಿಯ ಏಟಲ್ಲ ಎಂದು ನನಗೆ ಆಗಲೇ ತಿಳಿದಿತ್ತು.

ನದಿಯ ದಂಡೆ

ಸಂಜೆ ಅಕ್ಕ ತಿರುಗಾಡಲು ಹೊರಟರು, ನಾನೂ ಹೋದೆ. ಊರಿನ ನಡುವೆ ಒಂದು ಸಣ್ಣ ನದಿ. ಎರಡೂ ದಂಡೆಗೆ ಕಲ್ಲು ಕಟ್ಟಿ, ನೀರು ಇಷ್ಟರಲ್ಲೇ ಹರಿಯಬೇಕೆಂದು ಮಾಡಿದ್ದರು. ಮಲಪ್ರಭೆಗೆ ಹೀಗೆ ಯಾರೂ ಹೇಳಲಾರರು. ಬಾತುಕೋಳಿಗಳಿಗೆ ತಿನಿಸು ಹಾಕಬಾರದೆಂದು ಫಲಕವಿತ್ತು. ಒಬ್ಬ ಮುದುಕ ಆ ಫಲಕಕ್ಕೇ ಒರಗಿ ನಿಂತು ಬ್ರೆಡ್ಡು ಎಸೆಯುತ್ತಿದ್ದ. ಅದನ್ನು ಕಂಡು ನನಗೆ ಸ್ವಲ್ಪ ಸಮಾಧಾನವಾಯಿತು.

ಸುಮ್ಮನಿರಬಹುದಿತ್ತು. ನಾಳೆ ಅವರ ಮಾತು ಮುಗಿದರೆ, ನಾನು ದೇವರನ್ನು ಚೀಲದಲ್ಲಿಟ್ಟುಕೊಂಡು ಬರಬಹುದು. ಅಕ್ಕನ ತಂದೆಯ ಉಪದೇಶ ಅವರ ಪಾಲಿಗೆ ಉಳಿಯುತ್ತಿತ್ತು. ಆದರೆ ದೇವರ ಮುಂದೆ, ಅದು ಯಾರ ದೇವರೇ ಇರಲಿ, ಅವರು ನಿಜವೆಂದು ತಿಳಿದು ನಿಜವಲ್ಲದ್ದನ್ನು ಹೇಳುವುದು, ಅದನ್ನು ತಿಳಿದೂ ನಾನು ಮುಂದಿನ ಬೆಂಚಿನಲ್ಲಿ ಕುಳಿತು ಕೇಳುವುದು ನನ್ನಿಂದಾಗದು ಅನ್ನಿಸಿತು.

ಹೇಳಿದೆ. ಕೊಡಲಿ ಬಿದ್ದಿದ್ದರೆ ಗೆರೆ ಮೂಡುತ್ತಿತ್ತು, ಅಂಚು ಏಳುತ್ತಿತ್ತು, ಹಿಂದಿನಿಂದ ಉಬ್ಬುತ್ತಿತ್ತು. ಇದಕ್ಕೆ ಅಂಚೇ ಇಲ್ಲ, ಹಿಂದೆ ಸಪಾಟಾಗಿದೆ. ನಮ್ಮ ಜಗಲಿಯ ಎಲ್ಲಮ್ಮನ ಹಣೆಯಲ್ಲಿಯೂ ಇಂಥದೇ ತಗ್ಗು ಇದೆ, ಬಸವಣ್ಣನ ನೆತ್ತಿಯೂ ಸವೆದಿದೆ. ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕಿ, ಮೂರು ಬೆರಳಿನಿಂದ ವಿಭೂತಿ ಹಚ್ಚಿ, ತಲೆಮಾರುಗಟ್ಟಲೆ ಹಚ್ಚಿದರೆ ಹಿತ್ತಾಳೆ ಹೀಗಾಗುತ್ತದೆ. ಪೂಜೆ ಮಾಡಿದ ಮನೆಯವರಿಗೆ ಇದು ಗೊತ್ತಿರುತ್ತದೆ.

ಅಕ್ಕ ನಡೆಯುವುದನ್ನು ನಿಲ್ಲಿಸಿದರು.

"ನೀವು ವಕೀಲ್ರು," ಅಂದರು. "ನಿಮ್ಮ ಕಡೀಗೆ ಆಗೂವಂಗ ಹೇಳತೀರಿ."

"ಇದರಾಗ ನನ್ನ ಕಡೀದೂ ಮುರೀತದ್ರಿ ಅಕ್ಕಾ. ದೇವರ ಹಣಿ ಒಡದಂವ ಅಂತ ನಾವೂ ನಾಕ ತಲಿಮಾರು ಬೈದೀವಿ."

ಅವರು ದಂಡೆಯ ಕಲ್ಲಿನ ಮೇಲೆ ಕುಳಿತರು. ಹಾಗಾದರೆ ನಮ್ಮಪ್ಪ ಸುಳ್ಳು ಹೇಳಿದರೇ ಎಂದು ಕೇಳಿದರು. ಅವರಿಗೂ ಯಾರೋ ಹೇಳಿದ್ದು, ನಮ್ಮವರಿಗೂ ಯಾರೋ ಹೇಳಿದ್ದು ಎಂದೆ. ಮೊದಲು ಹೇಳಿದವರು ಯಾರೋ. ಸವೆದ ಹಣೆ ನೋಡಿ ಪಾದ್ರಿಯೇ ಹಾಗೆ ತಿಳಿದರೋ, ಅಥವಾ ಪಾದ್ರಿ ಕೇಳಿದಾಗ ಮಲ್ಲಪ್ಪ ಹೌದೆಂದು ಸುಮ್ಮನಾದನೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಮನೆಗೆ ಬಂದ ಮೇಲೆ ಅಕ್ಕ ನೇರ ತಮ್ಮ ಕೋಣೆಗೆ ಹೋದರು. ಊಟವನ್ನೂ ಮಾಡಲಿಲ್ಲ.

ರವಿವಾರ

ಬೆಳಿಗ್ಗೆ ಅಕ್ಕ ಗುಡ್ರುನ್ ಅವರನ್ನು ಕರೆದುಕೊಂಡು ಮಿಶನ್ ಮನೆಗೆ ಹೋಗಿ ಬಂದಿದ್ದರು. ಏನು ನೋಡಿದಿರೆಂದು ನಾನು ಕೇಳಲಿಲ್ಲ.

ಚರ್ಚು ದೊಡ್ಡದು. ರೋಣದ ಸಂತೆಯ ಜನರನ್ನೆಲ್ಲ ಒಳಗೆ ಕೂರಿಸಬಹುದು. ಬಂದವರು ಮೊದಲ ಎರಡು ಸಾಲಿಗೂ ಸಾಕಾಗಲಿಲ್ಲ. ಎಲ್ಲರೂ ಮುದುಕರು. ಬೆಂಚುಗಳ ಮೇಲೆ ಸಣ್ಣ ಮೆತ್ತೆ, ಕಾಲ ಕೆಳಗೆ ಬಿಸಿ ಗಾಳಿ. ಅಕ್ಕ ಹಿಂದೆ ತಿರುಗಿ ಖಾಲಿ ಸಾಲುಗಳನ್ನು ನೋಡಿ, ಕ್ರಿಸ್‌ಮಸ್ಸಿಗೆ ನಮ್ಮಲ್ಲಿ ಅಂಗಳದ ತನಕ ಚಾಪೆ ಹಾಸಬೇಕಾಗುತ್ತದೆ ಎಂದು ಪಿಸುಗುಟ್ಟಿದರು. ಹೆಮ್ಮೆಯಿಂದ ಹೇಳಿದ್ದಲ್ಲ. ನಮಗೆ ದಾರಿ ತೋರಿಸಿದವರು ಎತ್ತ ಹೋದರು ಎಂಬ ದುಗುಡ ಅದರಲ್ಲಿತ್ತು.

ಗುಡ್ರುನ್ ತಮ್ಮ ಮಾತು ಶುರು ಮಾಡುವ ಮೊದಲು ಅಕ್ಕನನ್ನು ಕರೆದರು. ಅಕ್ಕ ಸೀರೆಯ ಸೆರಗು ಹೊದ್ದು ಮುಂದೆ ಹೋಗಿ ನಿಂತು, ಶಾಲೆಯಲ್ಲಿ ಪಾಠ ಹೇಳುವವರಂತೆ ನಿಧಾನವಾಗಿ ಇಂಗ್ಲಿಷಿನಲ್ಲಿ ಮಾತನಾಡಿದರು. ಗುಡ್ರುನ್ ಜರ್ಮನ್ ಭಾಷೆಗೆ ತಿರುಗಿಸಿದರು.

ನಮ್ಮ ಮುತ್ತಜ್ಜ ಈ ಮುಖವನ್ನು ಕೊಡಲಿಯಿಂದ ಹೊಡೆದನೆಂದು ಹೇಳಲು ಬಂದಿದ್ದೆ ಎಂದರು. ಆತ ಹೊಡೆಯಲಿಲ್ಲ, ಇವತ್ತು ಬೆಳಿಗ್ಗೆ ನಾನೇ ನೋಡಿದೆ. ಹೊಡೆಯಲು ಆತನಿಗೆ ಮನಸ್ಸಾಗಲಿಲ್ಲವೋ, ಕೈ ಏಳಲಿಲ್ಲವೋ ಗೊತ್ತಿಲ್ಲ. ಯೇಸುವನ್ನು ನಂಬಿದ್ದು ಮಾತ್ರ ನಿಜ, ಸಾಯುವವರೆಗೆ ನಂಬಿದ. ಒಡೆಯಲಾಗದಷ್ಟು ಪ್ರೀತಿಯಿದ್ದದ್ದನ್ನು ಬಿಟ್ಟುಕೊಟ್ಟು ನಂಬಿದ. ಅದು ಏಟಿಗಿಂತ ಸುಲಭವಾಗಿತ್ತೆಂದು ನನಗೆ ಅನ್ನಿಸುವುದಿಲ್ಲ. ಅದಕ್ಕೆ ಆತನ ಪರವಾಗಿ ನೀವು ಕ್ಷಮೆ ಕೇಳಬೇಡಿ, ಆತನ ಪರವಾಗಿ ನಾನು ಜಂಬ ಕೊಚ್ಚುವುದಿಲ್ಲ ಎಂದು ಮುಗಿಸಿದರು.

ಗುಡ್ರುನ್ ಕೊನೆಯ ಮಾತನ್ನು ಜರ್ಮನ್ ಭಾಷೆಗೆ ತಿರುಗಿಸುವಾಗ ತಡವರಿಸಿದರು. ತಾವು ಹೇಳಬೇಕೆಂದಿದ್ದುದನ್ನು ಹೇಳಲೇ ಇಲ್ಲ. ಒಂದು ಭಕ್ತಿಗೀತೆ ಹಾಡಿಸಿ ಆರಾಧನೆ ಮುಗಿಸಿದರು. ಆಮೇಲೆ ಕಾಫಿ ಕುಡಿಯುವಾಗ ಒಬ್ಬ ಮುದುಕಿ ನನ್ನ ಬಳಿ ಬಂದು, ನಿಮ್ಮ ಈ ದೇವರು ಇಷ್ಟು ಸಿಟ್ಟಾಗಿ ಯಾಕಿದ್ದಾನೆ ಎಂದು ಕೇಳಿದಳು. ಮನೆ ಕಾಯುವವನು, ಸಿಟ್ಟು ಅವನ ಕೆಲಸ ಎಂದೆ. ಅವಳು ತನ್ನ ಗಂಡನೂ ಹಾಗೇ ಇದ್ದನೆಂದು ಹೇಳಿ ಕೇಕಿನ ತುಂಡು ಕೊಟ್ಟಳು.

ಮುಖವನ್ನು ಯಾರ ಕೈಗೆ ಕೊಡುವುದೆಂಬ ಪ್ರಶ್ನೆ ಬಂದಾಗ ಅಕ್ಕ ನನ್ನ ಕಡೆ ತೋರಿಸಿದರು. ಪೂಜೆ ಮಾಡುವವರ ಮನೆಗೆ ಹೋಗಲಿ, ತಮಗೆ ಅದು ಬೇಡ, ತಮ್ಮ ನಂಬಿಕೆಯಲ್ಲಿ ಅದಕ್ಕೆ ಜಾಗವಿಲ್ಲ ಎಂದರು. ಆದರೆ ನರೇಗಲ್ಲಿನವರೆಗೆ ತಾನೂ ಜೊತೆಗೆ ಬರುತ್ತೇನೆ ಎಂದರು.

ಮತ್ತೆ ನರೇಗಲ್

ಗದಗಿನಿಂದ ಬಸ್ಸಿನಲ್ಲಿ ಬಂದೆವು. ಅವ್ವ ಬಾಗಿಲಲ್ಲಿ ನಿಂತು ನಮ್ಮಿಬ್ಬರ ಕಾಲಿಗೂ ನೀರು ಕೊಟ್ಟಳು. ನಾನು ಚೀಲದಿಂದ ಮುಖ ತೆಗೆದು ಕೊಟ್ಟೆ. ಅವಳು ಹಿಂದೆ ಮುಂದೆ ತಿರುವಿ ನೋಡಿದಳು, ಹಣೆಯ ಮೇಲೆ ಮೂರು ಬೆರಳು ಆಡಿಸಿದಳು. ಅವಳಿಗೆ ನಾನು ಏನೂ ಹೇಳಬೇಕಾಗಲಿಲ್ಲ.

"ಸವದದ ಅಷ್ಟ," ಅಂದಳು. ಆಮೇಲೆ, "ಅಂವ ಹೊಡದಿಲ್ಲ."

ಜಗಲಿಗೆ ಒಯ್ಯುತ್ತಾಳೆಂದುಕೊಂಡೆ. ಒಯ್ಯಲಿಲ್ಲ. ಮಡಿಲಲ್ಲಿಟ್ಟುಕೊಂಡು ಅಕ್ಕನ ಎದುರಿಗೆ ಚಾಪೆಯ ಮೇಲೆ ಕುಳಿತಳು. ಊಟ, ಪ್ರಯಾಣ, ಮಕ್ಕಳು ಎಲ್ಲ ವಿಚಾರಿಸಿದಳು. ಆಮೇಲೆ ಕೇಳಿದಳು.

"ಅಂವ ಹ್ಯಾಂಗ ಸತ್ತನ್ರಿ?"

ನನಗೆ ಆಶ್ಚರ್ಯವಾಯಿತು. ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದು ನಾನು ಕಂಡಿರಲಿಲ್ಲ. ಅಕ್ಕ ಹೇಳಿದರು. ಪ್ಲೇಗು ಬಂದು ಬೆಟಗೇರಿಯ ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ, ಏಳಲಾಗದೆ ಊರಲ್ಲೇ ಉಳಿದವರಿಗೆ ನೀರು, ಗಂಜಿ ಕೊಡುತ್ತ ಮಲ್ಲಪ್ಪ ಅಲ್ಲೇ ಇದ್ದನಂತೆ. ಯಾವ ಜಾತಿ, ಯಾವ ಧರ್ಮ ಎಂದು ನೋಡಲಿಲ್ಲವಂತೆ. ಕೊನೆಗೆ ಅವನ ಕಂಕುಳಲ್ಲಿಯೂ ಗಡ್ಡೆ ಎದ್ದಿತು. ಹೂಳುವವರೂ ಸಿಗದೆ ಅವನ ಮಗನೇ ಕುಣಿ ತೋಡಿದ.

ಅವ್ವ ಎಲ್ಲ ಕೇಳಿಸಿಕೊಂಡಳು. ಮುಖವನ್ನು ಮಡಿಲಿನಿಂದ ಎತ್ತಿ ಚಾಪೆಯ ಮೇಲೆ ಮೆತ್ತಗೆ ಇಟ್ಟು, ಮೊಳಕಾಲು ಹಿಡಿದು ಎದ್ದು, ಬಚ್ಚಲಿಗೆ ಹೋದಳು. ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಳ್ಳುವ ಸಪ್ಪಳ ಕೇಳಿತು. ಹತ್ತಿರದವರು ಸತ್ತ ಸುದ್ದಿ ಬಂದಾಗ ನಮ್ಮಲ್ಲಿ ಹಾಗೆ ಮಾಡುತ್ತಾರೆ, ಸುದ್ದಿ ಎಷ್ಟು ತಡವಾಗಿ ಬಂದರೂ.

ನೀರು ಸುರಿಯುವ ಸೀರೆಯಲ್ಲಿ ಹೊರಗೆ ಬಂದು ನಿಂತಾಗ ಅಕ್ಕ ಗಾಬರಿಯಿಂದ ಎದ್ದರು. ತಾನೂ ಮಾಡಬೇಕೇ ಎಂದು ಕೇಳಿದರು.

"ನಿಮ್ಮ ಮನ್ಯಾಗ ಅವಾಗ ಅತ್ತಾರವ್ವಾ," ಎಂದಳು ಅವ್ವ. "ನಮ್ಮಂವ್ರು ಅತ್ತಿದ್ದಿಲ್ಲ."

ಆಮೇಲೆ ನನ್ನ ಕಡೆ ನೋಡಿದಳು. ನಾನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಬಚ್ಚಲಿಗೆ ಹೋದೆ. ಹಂಡೆಯ ಕೆಳಗೆ ಬೆಂಕಿ ಇರಲಿಲ್ಲ. ತಣ್ಣೀರನ್ನೇ ತಂಬಿಗೆಯಲ್ಲಿ ಮೊಗೆದು ತಲೆಗೆ ಹಾಕಿಕೊಂಡೆ.